ಸ್ವಿಚ್ ಪೋರ್ಟುಗಳಲ್ಲಿ ಆದ್ಯತೆ ಮತ್ತು ವೇಗಮಿತಿ

ದಾಂಡೇಲಿಯ ಮರದ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಸರಕು ತುಂಬಿದ ಲಾರಿ ನಿಂತಿದೆ ಎಂದಿಟ್ಟುಕೊಳ್ಳೋಣ. 50,000 ರೂಪಾಯಿಗಿಂತ ಅಧಿಕ ಮೌಲ್ಯದ ಸರಕಾದ್ದರಿಂದ ಇ-ವೇ ಬಿಲ್ ಇಲ್ಲದೆ ಅದು ಹೊರಡುವಂತಿಲ್ಲ. ರಾಜ್ಯದೊಳಗಿನ ಸಾಗಣೆಗೂ ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ಈ ನಿಯಮವಿದೆ. ಆದರೆ ಪೋರ್ಟಲ್ ತೆರೆಯುತ್ತಿಲ್ಲ. ಸಂಪರ್ಕವೇನೂ ಕಡಿದಿಲ್ಲ. ಎಂಟು ಕ್ಯಾಮೆರಾಗಳ ಚಿತ್ರವನ್ನು ತಲಾ 2 ಮೆಗಾಬಿಟ್‌ನಂತೆ ಹೊರಗೆ ಕಳುಹಿಸುತ್ತಿರುವ ರೆಕಾರ್ಡರ್, 10 ಮೆಗಾಬಿಟ್‌ನ ಅಪ್‌ಲೋಡ್ ಮಾರ್ಗವನ್ನು ಪೂರ್ತಿಯಾಗಿ ಆಕ್ರಮಿಸಿದೆ. ಹೆಚ್ಚಿನ ವೇಗದ ಸಂಪರ್ಕಕ್ಕೆ ಹಣ ತೆರುವ ಮುನ್ನ ಕಚೇರಿಯ ಮ್ಯಾನೇಜ್ಡ್ ಸ್ವಿಚ್ಚಿನತ್ತ ನೋಡುವುದು ಲೇಸು.

ಸ್ವಿಚ್ಚಿನ ಮೂಲಕ ಸಾಗುವ ದತ್ತಾಂಶಕ್ಕೆ 0ಯಿಂದ 7ರವರೆಗೆ ಎಂಟು ದರ್ಜೆಗಳನ್ನು ಗುರುತಿಸಬಹುದು. ವಿಚಿತ್ರವೆಂದರೆ, ಮಾನಕದ ಪ್ರಕಾರ 1 ಎಂಬುದು 0ಗಿಂತಲೂ ಕೆಳಗಿನದು. ರೆಕಾರ್ಡರಿನ ಪೋರ್ಟಿಗೆ ಅದೇ ಸೂಕ್ತ. ಇಂಟರ್‌ನೆಟ್ ದೂರವಾಣಿಗೆ 5 ನೀಡುವುದು ರೂಢಿ. ಒಂದು ಕರೆಗೆ 90 ಕಿಲೋಬಿಟ್ ಆಸುಪಾಸು ಸಾಕಾಗುವುದರಿಂದ ಅದನ್ನು ಸದಾ ಮೊದಲು ಬಿಟ್ಟರೂ ಇತರರಿಗೆ ತೊಂದರೆಯಿಲ್ಲ. ಬಿಲ್ಲಿಂಗ್ ಕಂಪ್ಯೂಟರುಗಳಿಗೆ ಮಾತ್ರ ತೂಕದ ಆಧಾರದ ಪಾಲು ನೀಡುವುದು ಕ್ಷೇಮ.

ಇಷ್ಟು ಮಾಡಿಯೂ ಫಲ ಕಾಣದೆ ಹಲವರು ಕೈಬಿಡುತ್ತಾರೆ. ಕಾರಣ ಸರಳ. ಸಾಲು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮಾತ್ರ ಆದ್ಯತೆಗೆ ಅರ್ಥ. ಸ್ವಿಚ್ಚಿನ ಪೋರ್ಟು 1000 ಮೆಗಾಬಿಟ್‌ನದು. ಅಲ್ಲಿ ಸಾಲೇ ಇಲ್ಲ. ಸಾಲು ಬೆಳೆಯುವುದು ಆಚೆಯ ಮೋಡೆಮ್ಮಿನಲ್ಲಿ, ಅದಕ್ಕೋ ನಮ್ಮ ದರ್ಜೆಗಳ ಪರಿವೆಯಿಲ್ಲ. ಆದ್ದರಿಂದ ಮೋಡೆಮ್ಮಿನತ್ತ ಹೋಗುವ ಪೋರ್ಟಿನ ಹೊರಹರಿವಿಗೆ 9 ಮೆಗಾಬಿಟ್ ಮಿತಿ ವಿಧಿಸಬೇಕು. ಆಗ ಸಾಲು ಸ್ವಿಚ್ಚಿನೊಳಗೇ ನಿಂತು ಆದ್ಯತೆ ಕೆಲಸ ಮಾಡತೊಡಗುತ್ತದೆ.

ರೆಕಾರ್ಡರಿನ ಪೋರ್ಟಿಗೇ ಒಳಹರಿವಿನ ಮಿತಿ ಹಾಕಬಹುದಲ್ಲವೇ? ಹಾಕಬಹುದು. ಆದರೆ ಮಾಲೀಕರು ಕಚೇರಿಯಲ್ಲೇ ಕುಳಿತು ನೋಡುವ ಚಿತ್ರವೂ ಆ ಪೋರ್ಟಿನಿಂದಲೇ ಬರುವುದರಿಂದ ಅದೂ ಮುಗ್ಗರಿಸುತ್ತದೆ. ಒಳಹರಿವಿನ ಮಿತಿಯು ಸಾಮಾನ್ಯವಾಗಿ ಹೆಚ್ಚಾದ ಪ್ಯಾಕೆಟ್‌ಗಳನ್ನು ಕಾಯಿಸದೆ ಬಿಸಾಡುತ್ತದೆಂಬುದೂ ನೆನಪಿರಲಿ.

ಜೋಯಿಡಾದ ಹೋಮ್‌ಸ್ಟೇಗಳಲ್ಲಿ ಸಮಸ್ಯೆ ತಿರುಗುಮುರುಗು: ಅತಿಥಿಗಳ ಡೌನ್‌ಲೋಡ್. ಅಲ್ಲಿ ವೈ-ಫೈ ಪೆಟ್ಟಿಗೆಯ ಪೋರ್ಟಿನ ಹೊರಹರಿವಿಗೆ ಮಿತಿಯಿಟ್ಟರೆ ಬುಕಿಂಗ್ ಕಂಪ್ಯೂಟರಿಗೆ ಜಾಗ ಉಳಿಯುತ್ತದೆ. ಅತಿಥಿಗಳ ಸಾಧನಗಳು ತಾವೇ ಹಚ್ಚಿಕೊಂಡು ಬರುವ ದರ್ಜೆಯನ್ನು ನಂಬದಂತೆಯೂ ಆ ಪೋರ್ಟನ್ನು ಹೊಂದಿಸಬೇಕು.

ಕೊನೆಗೆ, ಅಪ್‌ಲೋಡ್ ನಡೆಯುತ್ತಿರುವಾಗಲೇ ಪಿಂಗ್ ಪರೀಕ್ಷೆ ಮಾಡಿ. ಉತ್ತರದ ಅವಧಿ ನೂರಾರು ಮಿಲಿಸೆಕೆಂಡಿಗೆ ಏರಿದರೆ ಮಿತಿಯನ್ನು 8ಕ್ಕೆ ಇಳಿಸಿ ನೋಡಿ. ಹೊಂದಿಕೆಯನ್ನು ಸ್ವಿಚ್ಚಿನಲ್ಲಿ ಸೇವ್ ಮಾಡಲು ಮರೆಯಬಾರದು. ಇಲ್ಲವಾದರೆ ಮಳೆಗಾಲದ ಮೊದಲ ವಿದ್ಯುತ್ ಕಡಿತದಲ್ಲೇ ಅನೇಕ ಸ್ವಿಚ್ಚುಗಳು ಎಲ್ಲವನ್ನೂ ಮರೆಯುತ್ತವೆ.