ಹತ್ತು ಗಂಟೆವರೆಗೆ ಎಷ್ಟು ಬೇಕಾದರೂ ಸದ್ದು ಮಾಡಬಹುದೇ?

ಶುಕ್ರವಾರ ಸಂಜೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಿಂದ ಹೊರಬೀಳುವ ಕಾರುಗಳಲ್ಲಿ ಕೆಲವು ನಂದಿಬೆಟ್ಟದ ತಪ್ಪಲಿಗೆ ಹೋಗುತ್ತವೆ, ಕೆಲವು ಕನಕಪುರ ರಸ್ತೆ ಹಿಡಿಯುತ್ತವೆ, ಇನ್ನು ಕೆಲವು ಮಾಕಳಿದುರ್ಗ, ರಾಮನಗರದ ಕಡೆಗೆ ತಿರುಗುತ್ತವೆ. ಅಲ್ಲಿ ಟೆಂಟ್, ಕ್ಯಾಂಪ್‌ಫೈರ್, ಬಾರ್ಬೆಕ್ಯೂ, ಜೊತೆಗೆ ಗೇಟಿನ ಬಳಿ ಒಂದು ಬೋರ್ಡು: ರಾತ್ರಿ 10ರ ನಂತರ ಸಂಗೀತವಿಲ್ಲ. ಈ ಬೋರ್ಡನ್ನು ಹೆಚ್ಚಿನವರು ಎರಡು ರೀತಿಯಲ್ಲಿ ಓದುತ್ತಾರೆ. ಒಂದು, ಇದು ಕ್ಯಾಂಪ್ ಮಾಲೀಕರ ಅತಿಯಾದ ಕಟ್ಟುನಿಟ್ಟು. ದುಡ್ಡು ಕೊಟ್ಟು ಬಂದವರಿಗೆ ಇಷ್ಟೊಂದು ಶಿಸ್ತು ಯಾಕೆ? ಎರಡು, ಹತ್ತರವರೆಗೆ ನಮ್ಮನ್ನು ಕೇಳುವವರಿಲ್ಲ. ಎರಡೂ ತಪ್ಪು. ಹತ್ತು ಗಂಟೆಯ ಗಡಿ ಮಾಲೀಕರು ಹಾಕಿದ್ದಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ 2000ನೇ ಇಸವಿಯ ಫೆಬ್ರವರಿಯಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿ. ಆ ನಿಯಮಗಳನ್ನು ಪೂರ್ತಿ ಓದಿದರೆ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. ಅವು ಮೊದಲು ಕೇಳುವುದು ಗಂಟೆ ಎಷ್ಟಾಯಿತೆಂದಲ್ಲ, ನಿಮ್ಮ ಸದ್ದು ಎಲ್ಲಿಯವರೆಗೆ ಹೋಗುತ್ತದೆ ಎಂದು.

ಹತ್ತರವರೆಗೆ ಎಲ್ಲವೂ ಸರಿ ಎಂಬ ನಂಬಿಕೆಯನ್ನೇ ಮೊದಲು ನೋಡೋಣ. ನಿಯಮಗಳ ಅನುಬಂಧದಲ್ಲಿ ಪ್ರತಿ ಪ್ರದೇಶಕ್ಕೂ ಹಗಲಿನ ಮಿತಿ ಬೇರೆ, ರಾತ್ರಿಯ ಮಿತಿ ಬೇರೆ ಇದೆ. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬೆಲ್; ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55; ವಸತಿ ಪ್ರದೇಶಕ್ಕೆ 55 ಮತ್ತು 45; ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರ್ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಖಾಸಗಿ ಜಾಗದಲ್ಲಿ ಹಾಕಿದ ಸೌಂಡ್ ಸಿಸ್ಟಮ್‌ನ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಅಂದರೆ ವಸತಿ ಪ್ರದೇಶದ ಮನೆಯೊಂದರಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನಡೆಯುವ ನಾಮಕರಣಕ್ಕೂ ಬೇಲಿಯ ಬಳಿ 60 ಡೆಸಿಬೆಲ್ ಗರಿಷ್ಠ. ಒಂದು ಮೀಟರ್ ದೂರದಲ್ಲಿ ನಿಂತು ಇಬ್ಬರು ಸಾಧಾರಣವಾಗಿ ಮಾತಾಡಿದರೆ ಆಗುವಷ್ಟು ಸದ್ದು ಅದು. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಕಟ್ಟಬೇಕಾದರೆ ಹಗಲಿಗೂ ಲಿಖಿತ ಅನುಮತಿ ಬೇಕು. ಅನುಮತಿ ಸಿಕ್ಕರೂ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಹತ್ತು ಗಂಟೆಯಾದಾಗ ನಿಯಮ ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ಅಲ್ಲಿಂದ ಶುರುವಾಗುವುದಿಲ್ಲ.

"ಊರಿಂದ ದೂರ ಬಯಲಿನಲ್ಲಿದ್ದೇವೆ, ಸದ್ದು ಗಾಳಿಯಲ್ಲಿ ಕರಗಿಹೋಗುತ್ತದೆ" ಎಂಬುದು ಕ್ಯಾಂಪಿಗೆ ಬಂದವರು ಸಾಮಾನ್ಯವಾಗಿ ಹೇಳುವ ಮಾತು. ಸ್ವಲ್ಪ ಲೆಕ್ಕ ಹಾಕೋಣ. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುವ ಪಾರ್ಟಿ ಸ್ಪೀಕರ್ ಇದೆ ಅಂದುಕೊಳ್ಳಿ. ಎರಡು ಮೀಟರಿಗೆ 84, ನಾಲ್ಕಕ್ಕೆ 78, ಎಂಟಕ್ಕೆ 72, ಹದಿನಾರಕ್ಕೆ 66, ಮೂವತ್ತೆರಡಕ್ಕೆ 60, ಅರವತ್ತನಾಲ್ಕು ಮೀಟರಿಗೆ 54. ಅಷ್ಟು ದೂರದಲ್ಲಿ ಇನ್ನೊಂದು ಕುಟುಂಬದ ಟೆಂಟ್ ಇದ್ದರೆ, ಅಲ್ಲಿ ಮಲಗಿರುವ ಮಗುವಿನ ಕಿವಿಗೆ ವಸತಿ ಪ್ರದೇಶದ ರಾತ್ರಿ ಮಿತಿಗಿಂತ 9 ಡೆಸಿಬೆಲ್ ಹೆಚ್ಚು ಸದ್ದು ಬೀಳುತ್ತಿರುತ್ತದೆ. ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯೊಳಗೆ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಕಿಟಕಿ ಸ್ವಲ್ಪ ತೆರೆದಿದ್ದರೂ ಮನೆಯ ಗೋಡೆ ಸುಮಾರು 15 ಡೆಸಿಬೆಲ್ ತಡೆಯುತ್ತದೆ, ಆದ್ದರಿಂದ ಹೊರಗಡೆ 45 ಇದ್ದರೆ ನಡೆಯುತ್ತದೆ ಎಂಬುದು ಅದರ ಲೆಕ್ಕ. ಟೆಂಟಿಗೆ ಆ ಗೋಡೆಯೇ ಇಲ್ಲ. ಬಟ್ಟೆ ಮಳೆಯನ್ನು ತಡೆದೀತು, ಸದ್ದನ್ನು ತಡೆಯುವುದಿಲ್ಲ. ಮನೆಗೆ ಸಾಕಾಗುವ ಮಿತಿಯೂ ಕ್ಯಾಂಪಿಗೆ ಸಾಲುವುದಿಲ್ಲವಾದ್ದರಿಂದ ಬೋರ್ಡಿನ ಕಟ್ಟುನಿಟ್ಟು ಅತಿಯಾಯಿತು ಎನ್ನಲು ಬರುವುದಿಲ್ಲ.

ರಾತ್ರಿಯ ಹವೆಯೂ ಸದ್ದಿನ ಪರವಾಗಿಯೇ ಇರುತ್ತದೆ. ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿಯಾಗಿ ಶಬ್ದದ ಅಲೆ ಮೇಲಕ್ಕೆ ಬಾಗುತ್ತದೆ. ಶುಭ್ರ ಆಕಾಶದ ತಂಪು ರಾತ್ರಿಯಲ್ಲಿ ನೆಲದ ಬಳಿಯ ಗಾಳಿಯೇ ತಣ್ಣಗಾಗುವುದರಿಂದ ಅಲೆ ಮತ್ತೆ ಕೆಳಕ್ಕೆ ಬಾಗಿ ದೂರದ ಹಳ್ಳಿಯನ್ನೂ ಮುಟ್ಟುತ್ತದೆ. ಇದಕ್ಕೆ ಬೇಸ್ ಸದ್ದನ್ನು ಸೇರಿಸಿ ನೋಡಿ. ತಗ್ಗು ಸ್ವರದ ಗುಡುಗುಡು ಗೋಡೆಯನ್ನೂ ಗಾಜನ್ನೂ ಸುಲಭವಾಗಿ ದಾಟುತ್ತದೆ. ಆದರೆ ನಿಯಮ ಬಳಸುವ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ್ದಾದ್ದರಿಂದ ತಗ್ಗು ಸ್ವರಗಳನ್ನು ಕಡಿಮೆ ಲೆಕ್ಕ ಹಾಕುತ್ತದೆ. ಮೀಟರಿನಲ್ಲಿ ಅಂಕಿ ಸರಿಯಾಗಿದ್ದರೂ ಪಕ್ಕದ ಮನೆಯವರಿಗೆ ಎದೆ ನಡುಗಿದಂತಾಗುವುದು ಇದರಿಂದಲೇ. ಈ ಅಳತೆಯನ್ನು ತಿದ್ದಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

"ಜಾಗ ನನ್ನದು, ಅಥವಾ ಎರಡು ದಿನಕ್ಕೆ ಬಾಡಿಗೆ ಕೊಟ್ಟಿದ್ದೇನೆ, ಒಳಗೆ ಏನಾದರೂ ಮಾಡುತ್ತೇನೆ" ಎಂಬ ವಾದಕ್ಕೆ ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ಉತ್ತರ ಕೊಟ್ಟಿದೆ. ತನ್ನ ಜಾಗದೊಳಗೆ ಮಾಡಿದ ಸದ್ದು ಆ ಜಾಗ ಬಿಟ್ಟು ಹೊರಗೆ ಹೋಗಿ ಅಕ್ಕಪಕ್ಕದವರಿಗೆ ತೊಂದರೆ ಕೊಡುವುದಾದರೆ ಅದನ್ನು ಮಾಡಲು ಯಾರಿಗೂ ಹಕ್ಕಿಲ್ಲ. ಮಾತಾಡುವ ಸ್ವಾತಂತ್ರ್ಯವಿದೆ ಎಂದು ಬೇಡದವರ ಕಿವಿಗೂ ಅದನ್ನು ತುಂಬುವಂತಿಲ್ಲ. ನೆಮ್ಮದಿಯಾಗಿ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದು ನ್ಯಾಯಾಲಯ ಹೇಳಿತು. ಆ ಪ್ರಕರಣ ಶುರುವಾದದ್ದು ದೆಹಲಿಯಲ್ಲಿ ಅತ್ಯಾಚಾರಕ್ಕೊಳಗಾದ ಬಾಲಕಿಯೊಬ್ಬಳ ಕೂಗು ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸದೆ ಹೋದ ಘಟನೆಯಿಂದ. ಸದ್ದೆಂದರೆ ಬರೀ ಕಿರಿಕಿರಿ ಎಂದು ಹಗುರವಾಗಿ ಕಾಣುವವರು ಇದನ್ನು ನೆನಪಿನಲ್ಲಿಡಬೇಕು.

ಸ್ಪೀಕರ್ ಇಲ್ಲ, ಬರೀ ಗಿಟಾರು, ತಮಟೆ ಇದೆ, ಅದಕ್ಕೆ ನಿಯಮ ಅನ್ವಯಿಸುವುದಿಲ್ಲ ಎನ್ನುವವರೂ ಇದ್ದಾರೆ. ನಿಯಮದಲ್ಲಿ ಧ್ವನಿವರ್ಧಕದ ಜೊತೆಗೆ ಸಂಗೀತ ವಾದ್ಯ, ಸದ್ದು ಹೊರಡಿಸುವ ಸಾಧನ ಎಂದೂ ಸೇರಿದೆ. ರಾತ್ರಿ ಹೊತ್ತು ಇವನ್ನು ಸಭಾಂಗಣದಂಥ ಮುಚ್ಚಿದ ಜಾಗದಲ್ಲಿ, ಒಳಗಿರುವವರಿಗೆ ಮಾತ್ರ ಕೇಳುವಂತೆ ಬಳಸಬಹುದು. ಟೆಂಟು, ಶಾಮಿಯಾನ, ಫಾರ್ಮ್‌ಹೌಸಿನ ಹುಲ್ಲುಹಾಸು ಮುಚ್ಚಿದ ಜಾಗವಲ್ಲ. ವಾದ್ಯವೇ ಇಲ್ಲದೆ ಕೂಗಾಡಿ ಸುತ್ತಲಿನವರಿಗೆಲ್ಲ ತೊಂದರೆ ಕೊಟ್ಟರೆ ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸಾರ್ವಜನಿಕ ಉಪದ್ರವದ ಕಲಮುಗಳಿವೆ.

ಇನ್ನು ನಗರದ ಅಂಚಿನಲ್ಲಿ ಬೇರೂರಿರುವ ನಂಬಿಕೆ: ಇಲ್ಲಿ ಮೊದಲೇ ಇಷ್ಟೊಂದು ಗದ್ದಲ, ಇನ್ನೊಂದಿಷ್ಟು ಸೇರಿದರೆ ಏನಾಯಿತು? ಪೀಣ್ಯದಲ್ಲಿ ಈ ಮಾತು ಸಹಜವೆಂಬಂತೆ ಕೇಳಿಬರುತ್ತದೆ. 1970ರ ದಶಕದಿಂದ ಬೆಳೆದ ಆ ಕೈಗಾರಿಕಾ ಪ್ರದೇಶದಲ್ಲಿ ಪ್ರೆಸ್, ಲೇತ್, ಜನರೇಟರ್‌ಗಳ ನಡುವೆಯೇ ಬಾಡಿಗೆ ಕೋಣೆಗಳೂ ಮನೆಗಳೂ ಇವೆ. ಆದರೆ ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡು-ಕಳೆ ಅಲ್ಲ. ಹತ್ತು ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು, ಕಿವಿಗೆ ಸುಮಾರು ಎರಡು ಪಟ್ಟು ಜೋರಾಯಿತು ಎಂದರ್ಥ. 70ರ ಜಾಗ 80 ಆದರೆ ಅದು 'ಇನ್ನೊಂದಿಷ್ಟು' ಅಲ್ಲ. ಒಂದೇ ಜಾಗದಲ್ಲಿ ಕಾರ್ಖಾನೆ, ಅಂಗಡಿ, ಮನೆ ಬೆರೆತಿದ್ದರೆ ಅದು ನಾಲ್ಕರಲ್ಲಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಅಧಿಕಾರವುಳ್ಳ ಸಂಸ್ಥೆ ಘೋಷಿಸಬಹುದು. ಸುತ್ತ ಫ್ಯಾಕ್ಟರಿ ಇದೆ ಎಂದ ಮಾತ್ರಕ್ಕೆ ಮನೆಗಳ ಬೀದಿ ತಾನಾಗಿ ಕೈಗಾರಿಕಾ ಪ್ರದೇಶವಾಗುವುದಿಲ್ಲ. ಕಾರ್ಖಾನೆಯ ಯಂತ್ರಕ್ಕೂ ಮಿತಿಯಿದೆ. 2005ರಿಂದ ಈಚೆಗೆ ತಯಾರಾದ ಸಾವಿರ ಕೆವಿಎವರೆಗಿನ ಡೀಸೆಲ್ ಜನರೇಟರ್ ತನ್ನ ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ದಾಟಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಶುರುಮಾಡಿದ ಶಬ್ದ ಮಾಪನ ಜಾಲದಲ್ಲಿ ಪೀಣ್ಯ, ವೈಟ್‌ಫೀಲ್ಡ್ ಎರಡಕ್ಕೂ ಕೇಂದ್ರಗಳು ಬಂದದ್ದು ಇಲ್ಲಿಯ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕೆಂಬ ಕಾರಣಕ್ಕೆ.

ಇದೇ ಭಾಗದ ಇನ್ನೊಂದು ವಾಸ್ತವ ಹಗಲಿನ ಮಿತಿಯ ಮಹತ್ವವನ್ನು ತೋರಿಸುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಸಮಯಕ್ಕೆ ಕೆಲಸ ಮಾಡುವವರು, ಆಸ್ಪತ್ರೆಯ ನರ್ಸುಗಳು, ಸೆಕ್ಯುರಿಟಿ ಗಾರ್ಡುಗಳು, ರಾತ್ರಿ ಕ್ಯಾಬ್ ಓಡಿಸುವವರು ಮಲಗುವುದೇ ಬೆಳಿಗ್ಗೆ. ರಾತ್ರಿ 10ರ ನಿಯಮ ಅವರ ನಿದ್ದೆಯನ್ನು ಕಾಯುವುದಿಲ್ಲ. 55ರ ಹಗಲಿನ ಮಿತಿಯೊಂದೇ ಅವರಿಗಿರುವ ರಕ್ಷಣೆ. 'ಹತ್ತರವರೆಗೆ ಏನೂ ಮಾಡಬಹುದು' ಎಂಬ ತಪ್ಪು ಕಲ್ಪನೆ ಗಟ್ಟಿಯಾದಷ್ಟೂ ಈ ಜನ ನಿದ್ದೆ ಕಳೆದುಕೊಳ್ಳುತ್ತಾರೆ. ಮುಂದಿನ ಪಾಳಿಯಲ್ಲಿ ಪ್ರೆಸ್ ಮೆಷಿನ್ನಿನ ಕೆಳಗೆ ಕೈಯಿಡುವವರೂ ಇವರೇ, ಹೊರವರ್ತುಲ ರಸ್ತೆಯಲ್ಲಿ ಕ್ಯಾಬ್ ಓಡಿಸುವವರೂ ಇವರೇ. ನಿದ್ದೆಗೆಟ್ಟ ಕಣ್ಣಿನ ಅಪಾಯ ಅವರೊಬ್ಬರದೇ ಆಗಿ ಉಳಿಯುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಕೆಲವು ನ್ಯಾಯವಾದವೂ ಹೌದು. ವೈಟ್‌ಫೀಲ್ಡಿನಿಂದ ಆರಕ್ಕೆ ಹೊರಟವರು ಟ್ರಾಫಿಕ್ ದಾಟಿ ಕ್ಯಾಂಪ್ ಸೇರುವಾಗ ಒಂಬತ್ತೂವರೆ. ವಾರವೆಲ್ಲ ದುಡಿದವರಿಗೆ ಸಿಗುವುದು ಅರ್ಧ ಗಂಟೆಯ ಸಂತೋಷವೇ? ಈ ಬೇಸರ ನಿಜ. ಆದರೆ ತಡವಾದದ್ದು ರಸ್ತೆಯಿಂದ. ಅದರ ಬೆಲೆಯನ್ನು ಎಂಟಕ್ಕೇ ಮಕ್ಕಳನ್ನು ಮಲಗಿಸಿದ ಪಕ್ಕದ ಟೆಂಟಿನವರು, ನಸುಕಿಗೆದ್ದು ಹಾಲು ಕರೆಯುವ ಊರಿನವರು ತೆರಬೇಕೆನ್ನುವುದು ಸರಿಯಲ್ಲ. ಹತ್ತರ ನಂತರ ಸಂತೋಷವನ್ನು ಯಾರೂ ನಿಷೇಧಿಸಿಲ್ಲ. ಮೆಲುದನಿಯ ಮಾತು, ಕತೆ, ನಕ್ಷತ್ರ ನೋಡುವುದು ಎಲ್ಲವೂ ನಡೆಯುತ್ತವೆ. ಮಕ್ಕಳಿರುವಲ್ಲಿ ಗಲಾಟೆ ಇದ್ದದ್ದೇ ಎಂಬುದೂ ಒಪ್ಪತಕ್ಕದ್ದೇ. ರಾತ್ರಿ ಬೆಚ್ಚಿ ಅಳುವ ಕೂಸಿಗೂ ಗಂಟೆಗಟ್ಟಲೆ ಬಡಿಯುವ ಸ್ಪೀಕರಿಗೂ ಇರುವ ವ್ಯತ್ಯಾಸ ಎಲ್ಲರಿಗೂ ತಿಳಿದಿದೆ. ಹಬ್ಬಕ್ಕೆ ರಿಯಾಯಿತಿ ಇದೆಯಲ್ಲ ಎನ್ನುವವರಿಗೆ: ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ರಾತ್ರಿ 12ರವರೆಗೆ ಅವಕಾಶ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ವರ್ಷಕ್ಕೆ ಒಟ್ಟು 15 ದಿನ ಮಾತ್ರ. ಪ್ರತಿ ಸಮಿತಿಗೂ ಪ್ರತಿ ಬಡಾವಣೆಗೂ ಬೇರೆ ಬೇರೆ ಹದಿನೈದು ದಿನ ಸಿಗುವುದಿಲ್ಲ. ವೀಕೆಂಡು ಆ ಪಟ್ಟಿಯಲ್ಲಿ ಇಲ್ಲ.

ಬೇಲಿಯಾಚೆ ಇರುವುದು ಮನುಷ್ಯರಷ್ಟೇ ಅಲ್ಲ. ಎಲೆಕ್ಟ್ರಾನಿಕ್ ಸಿಟಿ, ಜಿಗಣಿಯಿಂದ ಸ್ವಲ್ಪ ದೂರಕ್ಕೇ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಶುರು. ಅದರ ಪರಿಸರ ಸೂಕ್ಷ್ಮ ವಲಯವನ್ನು 2020ರಲ್ಲಿ 168.84 ಚದರ ಕಿಲೋಮೀಟರಿಗೆ ಇಳಿಸಿ ಅಂತಿಮಗೊಳಿಸಲಾಯಿತು. ಅಂಚು ಕಿರಿದಾದಷ್ಟೂ ಸದ್ದು ಕಾಡಿಗೆ ಹತ್ತಿರವಾಗುತ್ತದೆ. ಆನೆಗಳು ನಮ್ಮ ಕಿವಿಗೆ ನಿಲುಕದ ತಗ್ಗು ಸ್ವರದಲ್ಲಿ ಕಿಲೋಮೀಟರುಗಟ್ಟಲೆ ದೂರದಿಂದ ಒಂದಕ್ಕೊಂದು ಕರೆ ಕಳಿಸುತ್ತವೆ. ಡಿಜೆಯ ಬೇಸ್ ಮೊಳಗುವುದು ಆ ಸ್ವರಗಳ ಮಗ್ಗುಲಲ್ಲೇ. ಬನ್ನೇರುಘಟ್ಟ, ಗಾಳಿಬೋರೆ, ಭೀಮೇಶ್ವರಿಗಳಲ್ಲಿ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ನಡೆಸುವ ಶಿಬಿರಗಳು ಕುಟುಂಬಗಳನ್ನು ಕರೆಯುವುದು ಕಾಡಿನ ಹೆಸರಿನಲ್ಲಿ. ಕಾಡು ನೋಡಲು ಹೋದವರು ಅದರ ಸದ್ದಿಗೂ ಕಿವಿಗೊಡಬೇಡವೇ?

ಕೊನೆಯದಾಗಿ, ದೂರು ಕೊಡಬೇಕಾದರೆ ಡೆಸಿಬೆಲ್ ಮೀಟರ್ ಬೇಕು, ಅದಿಲ್ಲದೆ ಪೊಲೀಸರು ಬರುವುದಿಲ್ಲ ಎಂಬ ನಂಬಿಕೆ ಅನೇಕರನ್ನು ಸುಮ್ಮನಾಗಿಸಿದೆ. ಹಗಲಿನಲ್ಲಿ ಮಿತಿಗಿಂತ 10 ಡೆಸಿಬೆಲ್ ಮೀರಿದರೆ ದೂರು ಎಂಬ ಮಾತು ನಿಯಮದಲ್ಲಿ ಇರುವುದು ನಿಜ. ಆದರೆ ರಾತ್ರಿಯ ನಿರ್ಬಂಧ ಮುರಿದರೆ ಅಷ್ಟೇ ಸಾಕು, ಅಂಕಿ ತೋರಿಸಬೇಕಾಗಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಕಟ್ಟಡ ಕಾಮಗಾರಿಯ ಸದ್ದಿನ ಯಂತ್ರ ಓಡಿಸಿದರೂ, ತುರ್ತಿಲ್ಲದೆ ಹಾರನ್ ಹೊಡೆದರೂ ಅದೇ ನಿಯಮ. ಕ್ಯಾಂಪ್ ಬುಕ್ ಮಾಡುವ ಮುನ್ನ ರಾತ್ರಿಯ ನಿಯಮ ಏನೆಂದು ಕೇಳಿ, ನಿಯಮವಿಲ್ಲ ಎನ್ನುವ ಜಾಗಕ್ಕೆ ಹೋಗಬೇಡಿ. ಹತ್ತರ ಮೇಲೂ ಸದ್ದು ನಿಲ್ಲದಿದ್ದರೆ ಮೊದಲು ಹೋಗಿ ಒಂದು ಮಾತು ಹೇಳಿ, ಕೇಳದಿದ್ದರೆ 112ಕ್ಕೆ ಕರೆ ಮಾಡಿ. ಗಂಟೆ ಎಷ್ಟು, ಜಾಗ ಯಾವುದು, ಸದ್ದು ಯಾವುದರದು, ಇಷ್ಟು ತಿಳಿಸಿದರೆ ಸಾಕು.