ಹಳ್ಳಿಯ ದಾರಿಯಲ್ಲಿ ಸೈಕಲ್ ಸಂಚಾರ: ಮಧುಮೇಹಿಗಳಿಗೆ ಕೆಲವು ಮಾತು

ನಮ್ಮ ಚಿಕಿತ್ಸಾಲಯಕ್ಕೆ ಬರುವ ಮಧುಮೇಹಿಗಳಿಗೆಲ್ಲ ನಾವು ದಶಕಗಳಿಂದ ಹೇಳುತ್ತ ಬಂದಿರುವ ಮಾತು ಒಂದೇ: ದಿನವೂ ನಡೆಯಿರಿ. ಕೆಲವು ವರ್ಷಗಳ ಹಿಂದೆ, ಹಾವೇರಿ ಕಡೆಯಿಂದ ಬಂದು ಮಂಗಳೂರಿನಲ್ಲಿ ಅಂಗಡಿ ಇಟ್ಟುಕೊಂಡಿರುವ ಭಕ್ತರೊಬ್ಬರು ಈ ಮಾತು ಕೇಳಿ ನಕ್ಕುಬಿಟ್ಟರು. "ಎಲ್ಲಿ ಅಡ್ಡಾಡ್ಲಿ ಡಾಕ್ಟರ್ ಸಾಹೇಬ್ರ? ಮನಿ ಹೊರಗ ಕಾಲಿಟ್ರ ಬಸ್ಸು, ಅದರ ಹಿಂದ ಟಿಪ್ಪರು, ಅದರ ಹಿಂದ ಇನ್ನೊಂದು ಬಸ್ಸು. ಊರಾಗಿದ್ದಾಗ ಸೈಕಲ್ ಮ್ಯಾಲ ಹೊಲಕ್ಕ ಹೋಗಿ ಬರ್ತಿದ್ದೆ. ಆವಾಗ ಈ ಸಕ್ಕರಿ ಇರಲಿಲ್ಲ ನೋಡ್ರಿ" ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಹಾಗಾದರೆ ಸೈಕಲ್ಲನ್ನೇ ಹತ್ತಿ, ಆದರೆ ಪೇಟೆ ಬಿಟ್ಟು ಹಳ್ಳಿಯ ದಾರಿ ಹಿಡಿಯಿರಿ ಎಂದು ನಾವು ಸಲಹೆ ಕೊಟ್ಟೆವು. ಸಲಹೆ ಸರಿಯಾಗಿತ್ತು, ಅದನ್ನು ಕೊಟ್ಟ ರೀತಿ ಸರಿಯಿರಲಿಲ್ಲ. ಅದರ ವಿಷಯ ಮುಂದೆ ಹೇಳುತ್ತೇವೆ.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 11ನೆಯ ಅಧ್ಯಾಯ ಪ್ರಮೇಹಕ್ಕೆ ಮೀಸಲಾದುದು. ಔಷಧಿಗಳ ವಿವರಗಳ ನಡುವೆ ಆಚಾರ್ಯರು ಅಲ್ಲಿ ಒಂದು ವಿಚಿತ್ರವಾದ ಚಿಕಿತ್ಸೆಯನ್ನು ವಿಧಿಸಿದ್ದಾರೆ. ಹಣವೂ ಬಂಧುಗಳೂ ಇಲ್ಲದ ರೋಗಿಯು ಕೊಡೆ, ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಸಂಯಮದಿಂದ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ದೂರ ಸಂಚರಿಸಬೇಕು ಎಂಬುದು ಅದರ ತಾತ್ಪರ್ಯ. ಯೋಜನದ ಲೆಕ್ಕದಲ್ಲಿ ಭಿನ್ನಾಭಿಪ್ರಾಯಗಳಿವೆ. ಕಡಿಮೆ ಲೆಕ್ಕ ಹಿಡಿದರೂ ನೂರಾರು ಕಿಲೋಮೀಟರುಗಳಾಗುತ್ತವೆ. ಒಂದೇ ಕಡೆ ನೂರು ಸುತ್ತು ತಿರುಗಿ ಎಂದು ಆಚಾರ್ಯರು ಹೇಳಲಿಲ್ಲ. ಊರಿಂದೂರಿಗೆ ಹೋಗಿ ಎಂದರು. ಜಂಗಮರ ಸಂಚಾರವನ್ನು ಬಲ್ಲ ನಮ್ಮ ಭಕ್ತವೃಂದಕ್ಕೆ ಇದು ಅಪರಿಚಿತವೆನಿಸಲಾರದು. ಆದರೆ ಅದೇ ಅಧ್ಯಾಯದಲ್ಲಿ, ಕೃಶನಾದ ಪ್ರಮೇಹಿಯನ್ನು ಸದಾ ರಕ್ಷಿಸಬೇಕು ಎಂಬ ಎಚ್ಚರಿಕೆಯೂ ಇದೆ. ಅಂದರೆ ಈ ವಿಧಿ ಮೈಬೆಳೆದ, ಬಲವಿರುವ ರೋಗಿಗೆ. ತೂಕ ಇಳಿಯುತ್ತ ಸೊರಗುತ್ತಿರುವವರಿಗಲ್ಲ.

ಸೈಕಲ್ಲಿನ ಉಲ್ಲೇಖ ನಮ್ಮ ಗ್ರಂಥಗಳಲ್ಲಿ ಇದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸಮನಾದ ಎರಡು ಚಕ್ರ ಹಾಗೂ ಸರಪಳಿಯ ಇಂದಿನ ರೂಪ ಬಂದದ್ದು 1885ರ ಸುಮಾರಿಗೆ, ಇಂಗ್ಲೆಂಡಿನಲ್ಲಿ. ನಾವು ಗ್ರಂಥದಿಂದ ತೆಗೆದುಕೊಳ್ಳುವುದು ವಾಹನವನ್ನಲ್ಲ, ತತ್ತ್ವವನ್ನು. ಆಧುನಿಕ ಶರೀರಶಾಸ್ತ್ರವೂ ಅದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ನೆರವನ್ನು ಹೆಚ್ಚು ಕಾಯದೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ದುಡಿಮೆ ನಿಂತ ಮೇಲೂ ಒಂದು ದಿನದಷ್ಟು ಕಾಲ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಶರೀರದ ಅತಿ ದೊಡ್ಡ ಸ್ನಾಯುಗಳಿರುವುದು ತೊಡೆ ಮತ್ತು ಪೃಷ್ಠಗಳಲ್ಲಿ. ಪೆಡಲು ತುಳಿಯುವಾಗ ದುಡಿಯುವುದು ಅವೇ. ದೇಹದ ಭಾರವನ್ನು ಸೀಟು ಹೊರುವುದರಿಂದ ಮೊಣಕಾಲು ಸವೆದವರಿಗೂ ನಡಿಗೆಗಿಂತ ಇದು ಹಗುರ. ಸೀಟಿನ ಎತ್ತರ ಸರಿಯಿರಬೇಕು, ಅಷ್ಟೆ: ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ಬಹುಮಂದಿ ಬೀಳುವ ಭಯದಿಂದ ಸೀಟನ್ನು ತಗ್ಗಿಸಿಕೊಂಡು ತುಳಿದು, ಮಂಡಿನೋವೆಂದು ಬರುತ್ತಾರೆ.

ಈಗ ನಮ್ಮ ತಪ್ಪಿನ ವಿಷಯ. ಆ ಭಕ್ತರು ಮರುವಾರವೇ ನಸುಕಿನಲ್ಲಿ ಹೊರಟರು. ಇಷ್ಟಲಿಂಗ ಪೂಜೆಯಾಗದೆ ಅವರು ಏನನ್ನೂ ಸೇವಿಸುವವರಲ್ಲ; ಹಿಂದಿರುಗಿ, ಸ್ನಾನ ಮಾಡಿ, ಪೂಜೆ ಮುಗಿಸಿ ಉಪಾಹಾರ ತೆಗೆದುಕೊಂಡರಾಯಿತು ಎಂದು ಎಣಿಸಿದರು. ಆದರೆ ಮಾತ್ರೆ ಆಹಾರವಲ್ಲವಲ್ಲ ಎಂದು ಸಕ್ಕರೆಯ ಮಾತ್ರೆಯನ್ನು ನೀರಿನೊಡನೆ ನುಂಗಿದ್ದರು. ಅದು ಗ್ಲಿಮಿಪಿರೈಡ್ ಇದ್ದ ಮಾತ್ರೆ. ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ, ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವುದು ಅದರ ಕೆಲಸ. ಸಸಿಹಿತ್ಲು ರಸ್ತೆಯಲ್ಲಿ ಅವರಿಗೆ ಕೈ ನಡುಗಿ, ಬೆವರು ಕಿತ್ತುಕೊಂಡು, ಕಣ್ಣು ಮಂಜಾಗಿ ಅಂಚಿಗೆ ಕುಸಿದರು. ಮೀನು ಮಾರಲು ಹೊರಟಿದ್ದ ಇಬ್ಬರು ತಾಯಂದಿರು ಹತ್ತಿರದ ಮನೆಯಿಂದ ಸಿಹಿಯಾದ ಚಹಾ ತಂದು ಕುಡಿಸಿದರು. ಇನ್ನು ಅರ್ಧ ಗಂಟೆ ಯಾರೂ ಬಾರದಿದ್ದರೆ ಏನಾಗುತ್ತಿತ್ತೋ! ಸೈಕಲ್ ತುಳಿಯಿರಿ ಎಂದ ನಾವು, ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಯಾವಾಗ ಉಣ್ಣುತ್ತೀರಿ ಎಂದು ಕೇಳಿರಲಿಲ್ಲ. ಅಪರಾಧ ಅವರ ನೇಮದ್ದಲ್ಲ, ನಮ್ಮ ಮರೆವಿನದು.

ಆದುದರಿಂದ ಓದುಗರಲ್ಲಿ ವಿನಂತಿ. ಇನ್ಸುಲಿನ್ ಅಥವಾ ಇಂತಹ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಲೇಬಾರದು. ಬೆಳಗಿನ ಜಾವವೇ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ ಹೊರಡುವುದು ಉತ್ತಮ ಕ್ರಮ. ಹೊರಡುವ ಮುನ್ನ ಮನೆಯ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಿ: 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೋಗಬೇಕು; 250 ದಾಟಿದ್ದು ಮೈಗೂ ಸರಿಯಿಲ್ಲದಿದ್ದರೆ ಆ ದಿನ ಬೇಡ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ. ನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು ಕಂಡೊಡನೆ ನಿಂತು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಕಾಲು ಗಂಟೆ ಕಾಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ದೀರ್ಘ ಸಂಚಾರ ಮಾಡಿದ ದಿನ ರಾತ್ರಿಯೂ ಸಕ್ಕರೆ ಇಳಿಯುವುದುಂಟು. ಮಾತ್ರೆಯ ಪ್ರಮಾಣವನ್ನು ಬರೆದುಕೊಟ್ಟ ವೈದ್ಯರೇ ಬದಲಿಸಬೇಕು, ನೀವಲ್ಲ. ಹೃದ್ರೋಗ ಇರುವವರು, ಮೆಟ್ಟಿಲೇರುವಾಗ ಎದೆ ಹಿಡಿದಂತಾಗುವವರು ಮೊದಲು ಪರೀಕ್ಷೆ ಮಾಡಿಸಿಕೊಂಡು ಅನಂತರ ಸೈಕಲ್ಲಿನ ಮಾತು ಎತ್ತಲಿ.

ಎಷ್ಟು ತುಳಿಯಬೇಕು? ಅಷ್ಟಾಂಗ ಹೃದಯದ ದಿನಚರ್ಯೆಯಲ್ಲಿ ಇದಕ್ಕೆ ಅಳತೆಯಿದೆ. ಬಲವಂತರು, ಜಿಡ್ಡಿನ ಆಹಾರ ಸೇವಿಸುವವರು, ಅದೂ ಚಳಿಗಾಲ ಮತ್ತು ವಸಂತದಲ್ಲಿ, ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಒಸರಿ, ಬಾಯಿಯಿಂದ ಉಸಿರಾಡುವ ಹಾಗಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಆದರೆ ಮಂಗಳೂರಿನಲ್ಲಿ ಬೆವರಿನ ಲಕ್ಷಣವನ್ನು ನಂಬುವಂತಿಲ್ಲ. ಇಲ್ಲಿ ಸುಮ್ಮನೆ ಕುಳಿತವನೂ ಬೆವರುತ್ತಾನೆ! ಹೀಗಾಗಿ ಉಸಿರನ್ನೇ ನೋಡಬೇಕು. ಜೊತೆಗಾರರೊಡನೆ ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾಗುತ್ತಿದ್ದರೆ ಅರ್ಧಶಕ್ತಿಯ ಒಳಗಿದ್ದೀರಿ. ಬಯಲುಸೀಮೆಯಿಂದ ಬಂದ ನಮ್ಮಂತಹವರು ಇನ್ನೊಂದನ್ನು ಅರಿಯಬೇಕು. ಅಲ್ಲಿಯ ಒಣ ಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಕರಾವಳಿಯ ತೇವದಲ್ಲಿ ಬೆವರು ಆರದೆ ಹರಿದುಹೋಗುತ್ತದೆ. ತಂಪೂ ಇಲ್ಲ, ಉಪ್ಪೂ ನಷ್ಟ. ಬರೀ ನೀರು ಕುಡಿದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಸಕ್ಕರೆ ಬೆರೆಸದ ಪುನರ್ಪುಳಿ ಪಾನಕ, ಕುಚ್ಚಲಕ್ಕಿ ಗಂಜಿಯ ತಿಳಿ ಇವು ಈ ನೆಲದ್ದೇ ಪರಿಹಾರಗಳು. ರಕ್ತದೊತ್ತಡವಿರುವವರು ಉಪ್ಪಿನಲ್ಲಿಯೂ, ಮೂತ್ರಪಿಂಡದ ತೊಂದರೆಯಿರುವವರು ಬೊಂಡದ ನೀರಿನಲ್ಲಿಯೂ ವೈದ್ಯರ ಮಾತು ಕೇಳಬೇಕು. ದಾರಿಬದಿಯ ಹೋಟೆಲಿನ ಗೋಳಿಬಜೆಯ ಬಗ್ಗೆ ನಾವೇನೂ ಹೇಳುವುದಿಲ್ಲ. ಅದರ ಪರಿಮಳಕ್ಕೆ ನಾವೂ ಸೋತವರೇ.

ವಾಹನಗಳ ಗದ್ದಲವಿಲ್ಲದ ದಾರಿಯೇ ಏಕೆ ಬೇಕು ಎಂದರೆ ಅಪಘಾತದ ಭಯವೊಂದೇ ಕಾರಣವಲ್ಲ. ಶ್ರಮಿಸುವಾಗ ನಾವು ಸುಮ್ಮನಿದ್ದಾಗಿನ ಹಲವು ಪಟ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತೇವೆ. ಹೆದ್ದಾರಿಯಲ್ಲಾದರೆ ಅಷ್ಟೇ ಪಟ್ಟು ಹೊಗೆಯನ್ನೂ. ಬೆನ್ನ ಹಿಂದೆ ಹಾರ್ನ್ ಕೇಳಿದಾಗಲೆಲ್ಲ ನಾಡಿ ಏರುತ್ತದೆ, ಭುಜ ಬಿಗಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66, 75 ಮತ್ತು 169 ಮೂರೂ ಮಂಗಳೂರನ್ನು ಮುಟ್ಟುತ್ತವೆ. ಐವತ್ತು ದಾಟಿದ ಮಧುಮೇಹಿಗೆ ಈ ಮೂರೂ ಸಲ್ಲವು.

ಕಲಿಯುವವರು ಸುಲ್ತಾನ್ ಬತ್ತೇರಿಯಿಂದ ಆರಂಭಿಸಲಿ. ಯುದ್ಧನೌಕೆಗಳು ಗುರುಪುರ ನದಿಯನ್ನು ಪ್ರವೇಶಿಸದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿಸಿದ ಕಾವಲು ಗೋಪುರವದು. ಅಲ್ಲಿಂದ ನದಿ ದಾಟಿದರೆ ತಣ್ಣೀರುಬಾವಿ; ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಏರಿಳಿವೇ ಇಲ್ಲದ ಮರಳಿನ ಪಟ್ಟಿ. ದಕ್ಷಿಣಕ್ಕೆ ಬೆಂಗ್ರೆಯವರೆಗೂ ನೆಲ ಹೀಗೆಯೇ. ರಜಾದಿನದ ಸಂಜೆ ಜನಸಂದಣಿ ಇರುತ್ತದೆ. ಬೆಳಿಗ್ಗೆ ಬಲೆ ಒಣಗಿಸುವವರು, ನಾಯಿಗಳು, ಕಾಗೆಗಳು ಮಾತ್ರ. ಸೈಕಲ್ ಬಿಟ್ಟು ಮೂವತ್ತು ವರ್ಷವಾದವರಿಗೂ ಇಲ್ಲಿ ತೋಲನ ಮರಳುತ್ತದೆ. ಅದಾದ ಮೇಲೆ ಹಳೆಯಂಗಡಿಯಿಂದ ಸಸಿಹಿತ್ಲಿಗೆ, ಅಂದರೆ ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಕಡೆಗೆ ಹೋಗಬಹುದು. ಕಟೀಲು ಕಡೆಯ ರಸ್ತೆ ಸುಂದರವಾದುದಾದರೂ ಈಗ ವಾಹನ ಹೆಚ್ಚು. ಉತ್ಸವದ ದಿನಗಳಲ್ಲಂತೂ ಬೇಡ.

ಒಳನಾಡಿಗೆ ಹೊರಳಿದರೆ ನೆಲದ ಸ್ವಭಾವ ಬೇರೆ. ಮುರಕಲ್ಲಿನ ಪದವು, ಅದರಿಂದಿಳಿದರೆ ಬೆಟ್ಟುಗದ್ದೆ, ಮಜಲುಗದ್ದೆ, ತಳದಲ್ಲಿ ನೀರು ನಿಲ್ಲುವ ಬೈಲುಗದ್ದೆ, ಅಡಿಕೆ ತೋಟ. ಮತ್ತೆ ಇನ್ನೊಂದು ಪದವಿನ ಏರು. ಮೂಡಬಿದಿರೆಯವರೆಗೆ ಸೈಕಲ್ಲನ್ನು ವಾಹನದಲ್ಲಿ ಸಾಗಿಸಿ, ಅಲ್ಲಿಂದ ವೇಣೂರಿಗೆ ಹೋಗುವ ಸುಮಾರು 20 ಕಿಲೋಮೀಟರ್ ದಾರಿ ಇಂತಹುದು. ಬಸ್ಸುಗಳಿಲ್ಲವೆಂದಲ್ಲ, ಆದರೆ ಎರಡು ಬಸ್ಸುಗಳ ನಡುವೆ ಹಕ್ಕಿಯ ದನಿ ಕೇಳುವಷ್ಟು ಬಿಡುವಿದೆ. ಏರು ಬಂದಾಗ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯಿಲ್ಲ. ಅರ್ಧಶಕ್ತಿಯ ನಿಯಮ ಮುರಿಯುವುದು ಅಲ್ಲಿಯೇ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಯನ್ನೂ ಚೌಟರ ಅರಮನೆಯ ಮರದ ಕೆತ್ತನೆಯನ್ನೂ ನೋಡಿ, ಅಲ್ಲಿಯೇ ಒಂದು ರಾತ್ರಿ ತಂಗಿ, ಬೆಳಿಗ್ಗೆ ಹೊರಟರೆ ಬಿಸಿಲೇರುವ ಮುನ್ನ ವೇಣೂರು. ಫಲ್ಗುಣಿಯ ದಡದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಗೊಮ್ಮಟ ಅಲ್ಲಿದ್ದಾನೆ.

ಬಿಸಿಲೇರುವ ಮುನ್ನ ಎಂದದ್ದಕ್ಕೆ ಕಾರಣವಿದೆ. ಸುಶ್ರುತರ ಕ್ಷಮೆ ಕೋರಿ, ಬರಿಗಾಲಿನ ವಿಷಯದಲ್ಲಿ ನಾವು ಅವರ ಮಾತನ್ನು ಬಿಡುತ್ತೇವೆ. ಬಹುಕಾಲದ ಮಧುಮೇಹಿಯ ಅಂಗಾಲಿಗೆ ಸ್ಪರ್ಶಜ್ಞಾನ ಕುಂದಿರುತ್ತದೆ. ಗುಡಿ, ಬಸದಿಗಳ ಅಂಗಳದ ಕಾದ ಕಲ್ಲಿನ ಮೇಲೆ ನಡೆದು, ಬೊಬ್ಬೆ ಎದ್ದದ್ದು ತಿಳಿಯದೆ, ವಾರ ಕಳೆದು ಹುಣ್ಣಾದ ಮೇಲೆ ಬಂದವರನ್ನು ನಾವು ಕಂಡಿದ್ದೇವೆ. ಮುಚ್ಚಿದ ಪಾದರಕ್ಷೆ ಧರಿಸಿ. ಬಿಡಬೇಕಾದ ಕಡೆ ಬೆಳಿಗ್ಗೆ ಹತ್ತರೊಳಗೆ ದರ್ಶನ ಮುಗಿಸಿ. ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಬಳಿಕ ಎಳ್ಳೆಣ್ಣೆಯಿಂದ ತೊಡೆ, ಮೀನಖಂಡಗಳನ್ನು ಹಗುರವಾಗಿ ತಿಕ್ಕಿ, ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿದರೆ ವ್ಯಾಯಾಮದ ನಂತರದ ಮರ್ದನವೂ ಆದಂತೆ.

ಕಾಲ ಯಾವುದೆಂದರೆ, ಕಾರ್ತಿಕದಿಂದ ಮಾಘದವರೆಗೆ ಹಿತ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢ, ಶ್ರಾವಣಗಳಲ್ಲಿ ರಸ್ತೆಯ ಅಂಚೆಲ್ಲ ಪಾಚಿ. ಅಗ್ನಿ ಮಂದವಾಗಿರುವ ವರ್ಷಾಋತುವಿನಲ್ಲಿ ವ್ಯಾಯಾಮ ತಗ್ಗಿಸಬೇಕೆಂಬ ಶಾಸ್ತ್ರವನ್ನು ಕಡೆಗಣಿಸಿ ಒಮ್ಮೆ ಜಾರಿ ಬಿದ್ದು, ನಾವು ಮಣಿಕಟ್ಟಿಗೆ ಆರು ವಾರ ಪಟ್ಟಿ ಕಟ್ಟಿಸಿಕೊಂಡಿದ್ದೆವು.

ಆ ಹಾವೇರಿಯ ಭಕ್ತರು ಸೈಕಲ್ ಬಿಡಲಿಲ್ಲ. ಅವರ ವೈದ್ಯರು ಮಾತ್ರೆಯನ್ನು ಬದಲಿಸಿದರು. ಪೂಜೆಯನ್ನು ಅವರು ನಾಲ್ಕೂವರೆ ಗಂಟೆಗೆ ತಂದುಕೊಂಡರು. ಕಳೆದ ಮಾಘದಲ್ಲಿ ವೇಣೂರಿಗೆ ನಮ್ಮೊಡನೆ ಬಂದವರು ಅವರೇ. ಪೆರಿಂಜೆಯ ಹತ್ತಿರದ ಏರಿನಲ್ಲಿ ನಾವು ಇಳಿದು ತಳ್ಳತೊಡಗಿದಾಗ ಅವರು ಮುಂದೆ ಹೋಗಿ, ಮರದ ನೆರಳಿನಲ್ಲಿ ನಿಂತು, ಸಕ್ಕರೆಯ ಪೊಟ್ಟಣವನ್ನು ಕೈಯಲ್ಲಿ ಎತ್ತಿ ತೋರಿಸುತ್ತಿದ್ದರು. "ಬೇಕೇನ್ರಿ ಸಾಹೇಬ್ರ?"