ಅಬ್ಲೇಶನ್ ಮುಗಿಸಿ ಊರಿಗೆ ಮರಳಿದ ಮೇಲೆ

ಹೃದಯದ ಪ್ರತಿ ಬಡಿತವೂ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ಎಂಬ ಸಣ್ಣ ಕೋಶಗುಚ್ಛದಲ್ಲಿ ಹುಟ್ಟುವ ವಿದ್ಯುತ್ ಸಂಕೇತದಿಂದ ಆರಂಭವಾಗುತ್ತದೆ. ಆ ಸಂಕೇತವು ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳನ್ನು ಮೊದಲು ಸಂಕುಚನಗೊಳಿಸಿ, ನಡುವಿನ ಎ.ವಿ. ನೋಡ್ ಎಂಬ ಕಿರುದಾರಿಯಲ್ಲಿ ಕ್ಷಣಮಾತ್ರ ತಡೆದು, ಬಳಿಕ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಇಳಿಯುವುದರಿಂದ ನಾಡಿಯು ಒಂದೇ ಅಂತರದಲ್ಲಿ ಮಿಡಿಯುತ್ತದೆ. ಹೃತ್ಕರ್ಣದ ಗೋಡೆಯ ಹಲವೆಡೆಗಳಲ್ಲಿ ಸಂಕೇತಗಳು ತಮ್ಮಷ್ಟಕ್ಕೆ ಹುಟ್ಟಿ ನಿಮಿಷಕ್ಕೆ 350ರಿಂದ 600 ಬಾರಿ ಸುತ್ತತೊಡಗಿದರೆ ಆ ಕೋಣೆಗಳು ಸಂಕುಚಿಸುವ ಕೆಲಸವನ್ನೇ ಬಿಟ್ಟು ಅದುರತೊಡಗುತ್ತವೆ, ಮತ್ತು ಎ.ವಿ. ನೋಡ್ ಆ ಸಂಕೇತಗಳಲ್ಲಿ ಕೆಲವನ್ನಷ್ಟೇ ಗೊತ್ತುಗುರಿಯಿಲ್ಲದೆ ಕೆಳಗೆ ಬಿಡುವುದರಿಂದ ನಾಡಿಯು ವೇಗವಾಗಿಯೂ ಯಾವ ಲೆಕ್ಕಕ್ಕೂ ಸಿಗದಂತೆಯೂ ಓಡುತ್ತದೆ. ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಅಥವಾ ಚಿಕ್ಕದಾಗಿ ಎ.ಎಫ್. ಎನ್ನುವ ಈ ಸ್ಥಿತಿಯನ್ನು ಕನ್ನಡದಲ್ಲಿ ಹೃತ್ಕರ್ಣ ಕಂಪನ ಎನ್ನಬಹುದು.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಈ ಕಾಯಿಲೆ ಬೇರೆಡೆಗಿಂತ ಭಿನ್ನವಾದದ್ದೇನಲ್ಲ. ಭಿನ್ನವಾಗಿರುವುದು ಕಾಯಿಲೆಯ ಸುತ್ತಲಿನ ಬದುಕು. ಹಳಿಯಾಳದಿಂದ ಧಾರವಾಡಕ್ಕೆ ಸುಮಾರು 35 ಕಿಲೋಮೀಟರ್ ಇದ್ದರೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಜೋಯಿಡಾದ ಕುಣಬಿ ಹಾಗೂ ಗೌಳಿ ಕುಟುಂಬಗಳಿಗೆ ಬಸ್ಸು ನಿಲ್ಲುವ ಜಾಗಕ್ಕೇ ದೂರದ ನಡಿಗೆ ಬೇಕಾಗುತ್ತದೆ. ಹೃದಯದೊಳಗಿನ ವಿದ್ಯುತ್ತನ್ನು ಸರಿಪಡಿಸುವ ಅಬ್ಲೇಶನ್ ಎಂಬ ಚಿಕಿತ್ಸೆ ದೊಡ್ಡ ನಗರದಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಆದರೆ ಅದರ ಫಲ ನಿರ್ಧಾರವಾಗುವ ತಿಂಗಳುಗಳನ್ನು ರೋಗಿ ಕಳೆಯುವುದು ಇಂಥ ಊರುಗಳಲ್ಲಿ.

ಲಕ್ಷಣಗಳ ವಿಷಯದಲ್ಲಿ ಈ ಕಾಯಿಲೆ ಮೋಸಗಾರ. ಎದೆ ಧಡಧಡ ಎನ್ನುವುದು, ಏರು ಹತ್ತುವಾಗ ಉಸಿರು ಕಟ್ಟುವುದು, ಕಾರಣವಿಲ್ಲದ ಆಯಾಸ ಇವೆಲ್ಲ ಕೆಲವರಲ್ಲಿ ತೀವ್ರವಾಗಿರುತ್ತವೆ. ಇನ್ನು ಕೆಲವರಲ್ಲಿ ಏನೂ ಇರುವುದಿಲ್ಲ, ಇದ್ದರೂ 'ಗ್ಯಾಸ್' ಎಂಬ ಹೆಸರಿನಲ್ಲಿ ಮರೆಯಾಗಿ ಔಷಧ ಅಂಗಡಿಯ ಒಂದು ಗುಳಿಗೆಯಲ್ಲಿ ಮುಗಿದುಹೋಗುತ್ತವೆ. ಕಂಪನವು ಬಂದು ಏಳು ದಿನದೊಳಗೆ ಹೋದರೆ ಅದು ಮಧ್ಯಂತರ ರೂಪ, ಅದಕ್ಕೂ ಹೆಚ್ಚು ಕಾಲ ನಿಂತರೆ ನಿರಂತರ ರೂಪ ಎಂದು ವೈದ್ಯಶಾಸ್ತ್ರ ವಿಂಗಡಿಸುತ್ತದೆ. ಮಧ್ಯಂತರ ರೂಪದವರು ತಾಲೂಕು ಆಸ್ಪತ್ರೆ ತಲುಪುವಷ್ಟರಲ್ಲಿ ನಾಡಿ ಸರಿಯಾಗಿ, ಹೃದಯದ ವಿದ್ಯುತ್ತನ್ನು ಬರೆಯುವ ಇಸಿಜಿ ಪಟ್ಟಿ ಸಹಜವಾಗಿ ಬಂದು, ಅವರು ನಿಶ್ಚಿಂತೆಯಿಂದ ಮನೆಗೆ ಮರಳುವುದು ಅಪರೂಪವಲ್ಲ. ಹಾಗಾಗಿ ಎದೆ ಬಡಿತ ಹೆಚ್ಚಿದ ಹೊತ್ತಿನಲ್ಲೇ ಮಣಿಕಟ್ಟಿನ ನಾಡಿಯನ್ನು ಒಂದು ಪೂರ್ಣ ನಿಮಿಷ ಎಣಿಸಿ, ಅಂತರ ಸಮವಾಗಿದೆಯೇ ಎಂದು ಗಮನಿಸುವುದನ್ನು ಮನೆಯ ಒಬ್ಬರಾದರೂ ಕಲಿತಿರಬೇಕು. ಹೃದಯಾಘಾತವನ್ನು ಬೇಗ ಗುರುತಿಸುವ ಉದ್ದೇಶದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರಕಾರಿ ಆಸ್ಪತ್ರೆಗಳಲ್ಲಿ ಮಾಡುವ ಇಸಿಜಿ ಕೂಡ ಈ ಕಂಪನವನ್ನು ತೋರಿಸಿಕೊಡಬಲ್ಲದು. ಹೃತ್ಕರ್ಣದ ಸಂಕುಚನವನ್ನು ಸೂಚಿಸುವ ಪಿ ಅಲೆ ಪಟ್ಟಿಯಲ್ಲಿ ಕಾಣೆಯಾಗಿರುವುದೇ ಅದರ ಗುರುತು.

ಬಡಿತದ ಗೊಂದಲಕ್ಕಿಂತ ಅದರ ಪರಿಣಾಮ ಹೆಚ್ಚು ಅಪಾಯಕಾರಿ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡಿರುವ ಕಿವಿಯಾಕಾರದ ಸಣ್ಣ ಚೀಲದಲ್ಲಿ ರಕ್ತ ಹರಿಯದೆ ನಿಂತು ಹೆಪ್ಪುಗಟ್ಟಿ, ಆ ಹೆಪ್ಪಿನ ತುಣುಕು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು, ಅಂದರೆ ಈ ಭಾಗದ ಮಾತಿನಲ್ಲಿ ಲಕ್ವ, ಹೊಡೆಯುತ್ತದೆ. ಹೃತ್ಕರ್ಣ ಕಂಪನವಿರುವವರಲ್ಲಿ ಇದರ ಸಂಭವ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಎಂಬುದನ್ನು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ ತೋರಿಸಿತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ, ಸಿಟಿ ಸ್ಕ್ಯಾನ್ ನೋಡಿದ ಮೇಲಷ್ಟೇ ಕೊಡಬಹುದಾದ್ದರಿಂದ ಕಾಲವೇ ಇಲ್ಲಿ ಔಷಧ. ಲಕ್ವಕ್ಕೆ ನಾಟಿ ಔಷಧ ಹುಡುಕಿ ಹೋಗುವ ರೂಢಿ ಜಿಲ್ಲೆಯಲ್ಲಿ ಹಳೆಯದು, ಅಂಕೋಲಾ ತಾಲೂಕಿನ ಬೆಳಂಬಾರ ಅದಕ್ಕಾಗಿಯೇ ಹೆಸರಾದ ಊರು; ಆ ನಂಬಿಕೆಯೊಡನೆ ಜಗಳವಾಡದೆಯೂ, ಬಾಯಿ ಸೊಟ್ಟಗಾದ, ಮಾತು ತೊದಲಿದ ಮೊದಲ ಗಂಟೆಗಳಲ್ಲಿ ಗಾಡಿ ತಿರುಗಬೇಕಾದ ದಿಕ್ಕು ಸ್ಕ್ಯಾನ್ ಇರುವ ಆಸ್ಪತ್ರೆಯದೆಂದು ಹೇಳಲೇಬೇಕಾಗುತ್ತದೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗಿನ ಹಿಂದೆ ಇದ್ದದ್ದೂ ಇದೇ ದೂರದ ಲೆಕ್ಕ.

ಭಾರತದಲ್ಲಿ ಈ ಕಾಯಿಲೆಗೆ ಪಾಶ್ಚಾತ್ಯ ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಮುಖವಿದೆ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಬರುವ ಗಂಟಲು ನೋವಿಗೆ ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಕೀಲುಗಳು ಊದುವ ಸಂಧಿವಾತ ಜ್ವರ ಬಂದು, ಅದು ವರ್ಷಗಳ ನಂತರ ಹೃದಯದ ಮೈಟ್ರಲ್ ಕವಾಟವನ್ನು ಕಿರಿದಾಗಿಸುತ್ತದೆ; ಒತ್ತಡ ತಾಳದೆ ಹಿಗ್ಗಿದ ಎಡ ಹೃತ್ಕರ್ಣ ಕೊನೆಗೆ ಕಂಪಿಸತೊಡಗುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ನೋಂದಣಿ ಅಧ್ಯಯನದಲ್ಲಿ ಉತ್ತರ ಅಮೆರಿಕದ ಎ.ಎಫ್. ರೋಗಿಗಳ ಪೈಕಿ ಶೇ 2.2ರಷ್ಟು ಮಂದಿಗೆ ಸಂಧಿವಾತದ ಹೃದ್ರೋಗವಿದ್ದರೆ ಭಾರತದವರಲ್ಲಿ ಆ ಪ್ರಮಾಣ ಶೇ 31.5 ಇತ್ತು. ಇಂಥವರು ಹೆಚ್ಚಾಗಿ ಇತರ ಎ.ಎಫ್. ರೋಗಿಗಳಿಗಿಂತ ಚಿಕ್ಕ ವಯಸ್ಸಿನವರು, ಅವರಲ್ಲಿ ಹೆಂಗಸರೇ ಹೆಚ್ಚು. ಅವರಿಗೆ ಮೊದಲು ಬೇಕಾದದ್ದು ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಅಥವಾ ಶಸ್ತ್ರಕ್ರಿಯೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನ್ ಚಿಕಿತ್ಸೆಗೆ ಹೆಸರಾಗಿದೆ. ಲಕ್ವ ತಡೆಯಲು ರಕ್ತ ತೆಳು ಮಾಡುವ ಹೊಸ ಗುಳಿಗೆಗಳು ಇವರಿಗೆ ಸಲ್ಲುತ್ತವೆಯೇ ಎಂದು ಪರೀಕ್ಷಿಸಿದ ಇನ್ವಿಕ್ಟಸ್ ಅಧ್ಯಯನವು 2022ರಲ್ಲಿ ಹಳೆಯ ವರ್ಗದ ವಾರ್ಫರಿನ್ ಮಾದರಿಯ ಔಷಧವೇ ಮೇಲು ಎಂದು ತೋರಿಸಿತು. ಶಾಲೆಯ ಮಗುವಿನ ಗಂಟಲು ನೋವಿಗೆ ಪೆನಿಸಿಲಿನ್ ಸಿಕ್ಕಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ ಎಂಬುದು ಇಡೀ ಕಥೆಯ ಅತ್ಯಂತ ಕಹಿಯಾದ ಭಾಗ.

ಉಳಿದ ಕಾರಣಗಳು ಪರಿಚಿತವೇ: ರಕ್ತದೊತ್ತಡ, ಮಧುಮೇಹ, ಬೊಜ್ಜು, ಥೈರಾಯ್ಡ್, ನಿದ್ರೆಯಲ್ಲಿ ಉಸಿರು ನಿಲ್ಲುವಂಥ ಗೊರಕೆ, ವಯಸ್ಸು. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳ ಊಟವಾಗಲಿ, 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರ ಉಪ್ಪು ಬೆರೆಸಿದ ಬೆಣ್ಣೆ ಚಹಾ ಆಗಲಿ, ಉಪ್ಪಿನ ಮೂಲಕ ರಕ್ತದೊತ್ತಡಕ್ಕೆ ದಾರಿ ಮಾಡುತ್ತವೆ. ಮದ್ಯದ ಪಾತ್ರವಂತೂ ನಿಸ್ಸಂದೇಹ. ಹಬ್ಬ, ರಜೆಗಳಲ್ಲಿ ಒಮ್ಮೆಲೇ ಹೆಚ್ಚು ಕುಡಿದವರ ಬಡಿತ ತಪ್ಪುವುದನ್ನು 1978ರಲ್ಲೇ ವೈದ್ಯರು 'ರಜಾದಿನದ ಹೃದಯ' ಎಂದು ಕರೆದಿದ್ದರು, ಮತ್ತು ಅಗ್ಗದ ಮದ್ಯದ ಗೋವಾ ಜೋಯಿಡಾಕ್ಕೆ ನೆರೆಯ ಮನೆ.

ಚಿಕಿತ್ಸೆಗೆ ಎರಡು ದಾರಿಗಳಿವೆ: ಕಂಪನವನ್ನು ಒಪ್ಪಿಕೊಂಡು ಬೀಟಾ ಬ್ಲಾಕರ್‌ನಂಥ ಔಷಧದಿಂದ ವೇಗವನ್ನಷ್ಟೇ ತಗ್ಗಿಸುವುದು ಒಂದು, ಸಹಜ ಬಡಿತವನ್ನೇ ಮರಳಿ ತರುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ಔಷಧಗಳೂ ವಿದ್ಯುತ್ ಆಘಾತವೂ ಇದ್ದರೂ, ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೇರ್ ಅವರ ತಂಡ 1998ರಲ್ಲಿ ಪ್ರಕಟಿಸಿದ ಸಂಶೋಧನೆ ದಿಕ್ಕನ್ನೇ ಬದಲಿಸಿತು. ಶ್ವಾಸಕೋಶದಿಂದ ರಕ್ತವನ್ನು ಎಡ ಹೃತ್ಕರ್ಣಕ್ಕೆ ತರುವ ಅಭಿಧಮನಿಗಳ ಬಾಯಿಯಲ್ಲೇ ಕಂಪನವನ್ನು ಕೆರಳಿಸುವ ಕಿಡಿಗಳು ಬಹುಪಾಲು ಹುಟ್ಟುತ್ತವೆ ಎಂದು ಅವರು ತೋರಿಸಿದ ಮೇಲೆ, ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆಯನ್ನು ತೂರಿಸಿ, ಎರಡು ಹೃತ್ಕರ್ಣಗಳ ನಡುವಿನ ಪರದೆಯನ್ನು ಚುಚ್ಚಿ ದಾಟಿ, ಆ ಬಾಯಿಗಳ ಸುತ್ತ ಶಾಖದಿಂದಲೋ ತೀವ್ರ ಶೀತದಿಂದಲೋ, ಈಚೆಗೆ ಕ್ಷಣಿಕ ವಿದ್ಯುತ್ ಕ್ಷೇತ್ರದಿಂದಲೋ ಕಲೆಯ ಉಂಗುರವನ್ನು ಮೂಡಿಸುವ ಅಬ್ಲೇಶನ್ ರೂಢಿಗೆ ಬಂತು. ಕಲೆಗಟ್ಟಿದ ಅಂಗಾಂಶ ವಿದ್ಯುತ್ತನ್ನು ಸಾಗಿಸದ ಕಾರಣ ಹೊಲದ ಸುತ್ತಲಿನ ಬದುವಿನಂತೆ ಕಿಡಿ ಒಳಗೇ ನಿಲ್ಲುತ್ತದೆ. ಮಧ್ಯಂತರ ರೂಪದವರಲ್ಲಿ ಫಲ ಚೆನ್ನಾಗಿದ್ದು, ನಿರಂತರ ರೂಪದವರಲ್ಲಿ ಕಡಿಮೆ. ಎರಡನೆಯ ಅಬ್ಲೇಶನ್ ಬೇಕಾಗುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಆಯುಷ್ಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ 2019ರ ಕಬಾನಾ ಅಧ್ಯಯನ ಸ್ಪಷ್ಟ ಹೌದು ಎನ್ನಲಿಲ್ಲ, ಆದರೆ ಲಕ್ಷಣಗಳು ತಗ್ಗಿ ಬದುಕು ಹಗುರಾಗುವುದನ್ನು ಅದು ಕಂಡಿತು. ಹೃದಯದ ಪಂಪಿಂಗ್ ಕುಂದಿದವರಲ್ಲಿ ಲಾಭ ಇನ್ನೂ ಹೆಚ್ಚೆಂದು 2018ರ ಕ್ಯಾಸಲ್ ಎ.ಎಫ್. ಅಧ್ಯಯನ ತಿಳಿಸಿತ್ತು.

ಇದಕ್ಕೆ ಹೃದಯದ ವಿದ್ಯುತ್ ತಜ್ಞರೂ ವಿಶೇಷ ಪ್ರಯೋಗಶಾಲೆಯೂ ಬೇಕಾದ್ದರಿಂದ ಈ ನಾಲ್ಕು ತಾಲೂಕಿನವರು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಗೋವಾ ಅಥವಾ ಬೆಂಗಳೂರಿನ ಕಡೆ ನೋಡಬೇಕಾಗುತ್ತದೆ. ಬಿಪಿಎಲ್ ಕುಟುಂಬಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ತಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆದು ಹೊರಡುವುದು ಒಳಿತು.

ಮನೆಗೆ ಬಂದ ಮೊದಲ ವಾರ ತೊಡೆಸಂದಿನದು. ಕೊಳವೆ ತೂರಿಸಿದ ಜಾಗದಲ್ಲಿ ನೀಲಿಗಟ್ಟುವುದು ಸಹಜ. ಗಂಟು ಬೆಳೆಯುತ್ತ ಹೋದರೆ, ರಕ್ತ ಜಿನುಗಿದರೆ ಅಲ್ಲಿ ಬಲವಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ವಾರ, ಹತ್ತು ದಿನ ಸೌದೆಯ ಹೊರೆ, ನೀರಿನ ಕೊಡ, ಗೊಬ್ಬರದ ಬುಟ್ಟಿ ಎತ್ತದಿರುವುದು, ಹೊಂಡಬಿದ್ದ ರಸ್ತೆಯಲ್ಲಿ ಬೈಕ್ ಸವಾರಿ ಬಿಡುವುದು ಆಸ್ಪತ್ರೆಯ ಚೀಟಿಯಲ್ಲಿ 'ಭಾರ ಎತ್ತಬೇಡಿ' ಎಂದಿರುವುದರ ಸ್ಥಳೀಯ ಅರ್ಥ.

ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ಮತ್ತೆ ತಪ್ಪಬಹುದು. ಗಾಯಗೊಂಡ ಅಂಗಾಂಶದ ಉರಿಯೂತವೇ ಇದಕ್ಕೆ ಕಾರಣವಾಗಿರುವುದರಿಂದ ಈ ಅವಧಿಯ ಕಂಪನವನ್ನು ವೈದ್ಯರು ಸೋಲೆಂದು ಎಣಿಸುವುದಿಲ್ಲ, ಮತ್ತು ಸಾಲ ಮಾಡಿ ಚಿಕಿತ್ಸೆ ಪಡೆದ ಕುಟುಂಬಕ್ಕೆ ಈ ಮಾತನ್ನು ಮೊದಲೇ ಹೇಳದಿದ್ದರೆ ಅವರು ಎದೆಗುಂದಿ ಗುಳಿಗೆಯನ್ನೇ ಬಿಡುವ ಅಪಾಯವಿದೆ.

ಜ್ವರದ ವಿಷಯ ಇದಕ್ಕಿಂತ ಗಂಭೀರ. ಅನ್ನನಾಳವು ಎಡ ಹೃತ್ಕರ್ಣದ ಹಿಂಬದಿಗೆ ಒತ್ತಿಕೊಂಡೇ ಇಳಿಯುವುದರಿಂದ, ಶಾಖ ತಗುಲಿದ ಜಾಗದಲ್ಲಿ ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಇವೆರಡರ ನಡುವೆ ರಂಧ್ರ ಬೀಳುತ್ತದೆ. ಅದು ಕಾಣಿಸಿಕೊಳ್ಳುವುದು ಚಿಕಿತ್ಸೆಯಾದ ಒಂದರಿಂದ ಎಂಟು ವಾರಗಳೊಳಗೆ, ಜ್ವರ, ನುಂಗುವಾಗ ನೋವು, ಎದೆನೋವು ಅಥವಾ ಲಕ್ವದ ಲಕ್ಷಣಗಳಾಗಿ. ಮಳೆಗಾಲದಲ್ಲಿ ಡೆಂಗಿ, ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯವಿರುವ ಜಿಲ್ಲೆಯಲ್ಲಿ ಇಂಥ ಜ್ವರ ಬೇರೆ ಹೆಸರಿನಲ್ಲಿ ವಾರಗಟ್ಟಲೆ ಉಳಿದುಬಿಡುವುದು ಸುಲಭ. ಆದ್ದರಿಂದ ಜ್ವರಕ್ಕೆ ತೋರಿಸುವಾಗ 'ಇಷ್ಟು ದಿನದ ಹಿಂದೆ ಹೃದಯಕ್ಕೆ ಅಬ್ಲೇಶನ್ ಆಗಿದೆ' ಎಂಬ ಮಾತು ಮೊದಲು ಬರಬೇಕು. ಸಂಶಯವಿದ್ದರೆ ಎದೆಯ ಸಿಟಿ ಸ್ಕ್ಯಾನ್ ಆಗಬೇಕೇ ಹೊರತು ಎಂಡೋಸ್ಕೋಪಿ ಕೂಡದು, ಏಕೆಂದರೆ ಅದರಲ್ಲಿ ಊದುವ ಗಾಳಿ ಹೃದಯದ ಮೂಲಕ ಮಿದುಳಿಗೆ ಹೋಗಬಲ್ಲದು.

ರಕ್ತ ತೆಳು ಮಾಡುವ ಗುಳಿಗೆಯನ್ನು ಬಡಿತ ಸರಿಯಾಯಿತೆಂದು ನಿಲ್ಲಿಸುವಂತಿಲ್ಲ. ಅಪಿಕ್ಸಬಾನ್, ರಿವರೋಕ್ಸಬಾನ್‌ಗಳಿಗೆ ಪದೇ ಪದೇ ರಕ್ತಪರೀಕ್ಷೆ ಬೇಡವಾದರೂ ಒಂದೆರಡು ಹೊತ್ತು ತಪ್ಪಿದರೆ ರಕ್ಷಣೆ ಬೇಗ ಇಳಿಯುತ್ತದೆ. ವಾರ್ಫರಿನ್ ಅಥವಾ ಅಸಿನೊಕೌಮರಾಲ್ ನುಂಗುವವರು ರಕ್ತ ಹೆಪ್ಪುಗಟ್ಟುವ ವೇಗವನ್ನು ಹೇಳುವ ಐಎನ್‌ಆರ್ ಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಔಷಧದ ಶಕ್ತಿಯನ್ನು ಕುಂದಿಸುತ್ತದೆ. ಮುಂಗಾರು ಬಿದ್ದೊಡನೆ ಕೆಸುವಿನ ಎಲೆ, ಚಗಟೆ, ಹರಿವೆ, ನುಗ್ಗೆಸೊಪ್ಪುಗಳ ಅಡುಗೆ ಏಕಾಏಕಿ ಹೆಚ್ಚಿದರೆ ಅಂಕಿ ಇಳಿಯುತ್ತದೆ, ಬೇಸಿಗೆಯಲ್ಲಿ ಸೊಪ್ಪು ಕಾಣದಾದಾಗ ಏರುತ್ತದೆ. ಸೊಪ್ಪು ಬಿಡಬೇಕಿಲ್ಲ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ಕುಣಬಿಗಳ ಗಡ್ಡೆಗೆಣಸಿಗೆ ಈ ತಕರಾರಿಲ್ಲ. ಮೊಣಕಾಲಿಗೆಂದು ಅಂಗಡಿಯಲ್ಲಿ ಕೊಳ್ಳುವ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು, ಜ್ವರ ಬಂದೊಡನೆ ಕೇಳಿ ಮಾಡಿಸಿಕೊಳ್ಳುವ ಸೂಜಿ ಸ್ನಾಯುವಿನೊಳಗೆ ರಕ್ತಗಂಟು ಕಟ್ಟಿಸಬಹುದು, ಬೇರು-ಕಷಾಯಗಳು ಅಂಕಿಯನ್ನು ಎತ್ತಲಾದರೂ ಎಳೆಯಬಹುದು. ಕಾಡಿನ ಇಂಬಳ ಕಚ್ಚಿದ ಜಾಗವೂ ಇಂಥವರಲ್ಲಿ ಹೆಚ್ಚು ಹೊತ್ತು ಜಿನುಗುತ್ತದೆ. ಇಂಬಳದ ಬಳಗಕ್ಕೇ ಸೇರಿದ ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ ಎಂದು ಜಾನ್ ಹೇಕ್ರಾಫ್ಟ್ 1884ರಲ್ಲೇ ಕಂಡುಕೊಂಡಿದ್ದರು, ಮತ್ತು ಅದೇ ವಸ್ತುವಿನ ಮಾದರಿಯಲ್ಲಿ ತಯಾರಾದ ಔಷಧವೊಂದು ಇಂದು ಹೃದಯದ ಕ್ಯಾತಿಟರ್ ಕೋಣೆಗಳಲ್ಲಿ ಬಳಕೆಯಲ್ಲಿದೆ.

ಅಬ್ಲೇಶನ್ ಆದ ಮೇಲೆ ಎರಡು ಮೂರು ತಿಂಗಳು ರಕ್ತ ತೆಳು ಮಾಡುವ ಗುಳಿಗೆ ಎಲ್ಲರಿಗೂ ಬೇಕು. ಆಮೇಲೂ ಮುಂದುವರಿಯಬೇಕೇ ಎಂಬುದನ್ನು ನಾಡಿಯ ಸ್ಥಿತಿಗಿಂತ ವಯಸ್ಸು, ರಕ್ತದೊತ್ತಡ, ಮಧುಮೇಹ, ಹೃದಯದ ದೌರ್ಬಲ್ಯ, ಹಿಂದೆ ಲಕ್ವ ಹೊಡೆದಿರುವುದು ಇವುಗಳಿಗೆ ಕೊಡುವ ಅಂಕಗಳ ಮೊತ್ತ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಕವಾಟ ಕಿರಿದಾದವರಿಗಂತೂ ಅದು ಬಾಳಿನುದ್ದದ ಔಷಧ. ಗುಳಿಗೆಯಷ್ಟೇ ಅಲ್ಲ, ತೂಕವೂ ಲೆಕ್ಕಕ್ಕೆ ಬರುತ್ತದೆ: ತೂಕದಲ್ಲಿ ಶೇ 10ರಷ್ಟು ಇಳಿಸಿಕೊಂಡು ಹಾಗೇ ಉಳಿಸಿಕೊಂಡ ಸ್ಥೂಲಕಾಯರಲ್ಲಿ ಕಂಪನ ಗಣನೀಯವಾಗಿ ತಗ್ಗಿದ್ದನ್ನು ಆಸ್ಟ್ರೇಲಿಯಾದ ಲೆಗಸಿ ಅಧ್ಯಯನ 2015ರಲ್ಲಿ ದಾಖಲಿಸಿತು. ಬಡಿತ ಮತ್ತೆ ತಪ್ಪಿದ ಅನುಮಾನ ಬಂದಾಗ ಪ್ರತಿಬಾರಿ ಬೆಂಗಳೂರಿಗೆ ಓಡುವ ಬದಲು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಅದೇ ಹೊತ್ತಿಗೆ ಇಸಿಜಿ ತೆಗೆಸಿ, ಅದರ ಚಿತ್ರವನ್ನು ಅಬ್ಲೇಶನ್ ಮಾಡಿದ ವೈದ್ಯರಿಗೆ ಫೋನಿನಲ್ಲಿ ಕಳುಹಿಸುವ ಏರ್ಪಾಡನ್ನು ಬಿಡುಗಡೆಯ ದಿನವೇ ಕೇಳಿ ಮಾಡಿಕೊಳ್ಳಬಹುದು. ಸಿಗ್ನಲ್ ಸಿಗದ ಹಳ್ಳಿಯವರು ಆ ಪಟ್ಟಿಯನ್ನು ಬಿಡುಗಡೆ ಪತ್ರ ಮತ್ತು ಐಎನ್‌ಆರ್ ಬರೆದಿಟ್ಟ ಪುಸ್ತಕದ ಜೊತೆಗೆ ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದರೆ ಮುಂದಿನ ವೈದ್ಯರಿಗೆ ಊಹೆಯ ಅಗತ್ಯ ಬೀಳುವುದಿಲ್ಲ.